ಪೆಟ್ರೋಲ್ ವಾಸನೆ: ಎಲ್ಲಿಂದ ಎಂದು ಹುಡುಕುವ ಮೊದಲು ಯಾವಾಗ ಎಂದು ಕೇಳಬೇಕು

ವಿಜಯಪುರದ ನಮ್ಮ ಗ್ಯಾರೇಜಿಗೆ ಬರುವ ಹಳೆಯ ಕಾರುಗಳ ದೂರುಗಳಲ್ಲಿ ಪೆಟ್ರೋಲ್ ವಾಸನೆಯಷ್ಟು ಮೆಕ್ಯಾನಿಕ್‌ನ ದಾರಿ ತಪ್ಪಿಸುವ ದೂರು ಇನ್ನೊಂದಿಲ್ಲ. ಬ್ರೇಕು ಹಿಡಿಯದಿದ್ದರೆ, ಎಂಜಿನ್ ಕಾಯ್ದರೆ ಎಲ್ಲಿಂದ ನೋಡಲು ಆರಂಭಿಸಬೇಕೆಂಬುದು ಗ್ಯಾರೇಜಿನ ಹೊಸ ಹುಡುಗನಿಗೂ ಗೊತ್ತಿರುತ್ತದೆ. ವಾಸನೆಯಾದರೋ ಹುಟ್ಟಿದ ಜಾಗದಲ್ಲಿ ನಿಲ್ಲುವುದಿಲ್ಲ. ಟ್ಯಾಂಕಿನ ಹತ್ತಿರ ಹುಟ್ಟಿದ್ದು, ಓಡುವ ಕಾರಿನ ಹಿಂಬದಿಯ ಗಾಳಿಯ ಸೆಳೆತಕ್ಕೆ ಸಿಕ್ಕಿ, ಡಿಕ್ಕಿಯ ಹರಿದ ರಬ್ಬರಿನ ಮೂಲಕ ಒಳಗೆ ನುಗ್ಗಿ ಮುಂದಿನ ಸೀಟಿನವರ ಮೂಗಿಗೂ ಬಡಿಯುತ್ತದೆ. ಬಾನೆಟ್ಟಿನಡಿ ಹುಟ್ಟಿದ್ದು ಬ್ಲೋವರ್ ಹಾಕಿದ ಕೂಡಲೇ ಕಾರಿನ ತುಂಬ ಹರಡುತ್ತದೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು, ವಾಸನೆ ಯಾವ ಹೊತ್ತಿನಲ್ಲಿ, ಏನು ಮಾಡಿದಾಗ, ಯಾರಿಗೆ ಬರುತ್ತದೆ ಎಂಬುದನ್ನು ಕುಳಿತು ಕೇಳುವ ರೂಢಿಯನ್ನು ನಾನು ಇಟ್ಟುಕೊಂಡಿದ್ದೇನೆ.

ನಿವೃತ್ತ ಮಾಸ್ತರರೊಬ್ಬರ ಕಾರಿನ ಕೆಲಸ ಈ ರೂಢಿಯ ಬೆಲೆಯನ್ನು ಚೆನ್ನಾಗಿ ತೋರಿಸಿತು. ಅದು ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇರುವ ಹಳೆಯ ಸಣ್ಣ ಕಾರು. ನಮ್ಮಲ್ಲಿಗೆ ಬರುವ ಮೊದಲೇ ಅದರ ಕಾರ್ಬೊರೇಟರನ್ನು ಬೇರೆ ಕಡೆ ಒಂದಕ್ಕಿಂತ ಹೆಚ್ಚು ಸಲ ಬಿಚ್ಚಿ, ತೊಳೆದು, ಕಿಟ್ ಬದಲಿಸಲಾಗಿತ್ತು, ವಾಸನೆ ಹೋಗಿರಲಿಲ್ಲ. ಯಾವಾಗ ಬರುತ್ತದೆ ಎಂದು ಕೇಳಿದಾಗ ಮಾಸ್ತರರು ಎಲ್ಲ ಮಾಲೀಕರಂತೆ "ಯಾವಾಗಲೂ ಬರ್ತದ್ರಿ" ಎಂದರು. ಜೊತೆಗೆ ಬಂದಿದ್ದ ಅವರ ಮನೆಯವರು ಅದನ್ನು ಒಪ್ಪಲಿಲ್ಲ. "ಯಾವಾಗಲೂ ಎಲ್ಲಿ ಬರ್ತದ? ಟಾಕಿ ಫುಲ್ ಮಾಡಿಸಿದಾಗ ಬರ್ತದ, ಅರ್ಧಕ್ಕ ಇಳಿದ ಮ್ಯಾಲ ಇರೂದಿಲ್ಲ. ಹಿಂದ ಕೂಡಾಕಿ ನಾನು, ನನ್ನ ಯಾರೂ ಕೇಳೂದಿಲ್ಲ ನೋಡು ತಮ್ಮಾ" ಎಂದರು. "ಬಿಸಿಲಾಗ ನಿಲ್ಲಿಸಿದಾಗ ಹೆಚ್ಚು ಬರ್ತದೇನ್ರಿ ಅಕ್ಕಾರ?" ಎಂದು ಕೇಳಿದೆ. ಹೌದು ಎಂದರು.

ಆ ಎರಡು ಉತ್ತರಗಳಿಂದ ಅರ್ಧ ಕಾರನ್ನು ಹುಡುಕುವ ಕೆಲಸವೇ ತಪ್ಪಿತು. ಕಾರ್ಬೊರೇಟರಿನ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ತೇಲುವ ಫ್ಲೋಟ್ ಮತ್ತು ಅದು ಏರಿದಾಗ ದಾರಿ ಮುಚ್ಚುವ ನೀಡಲ್ ವಾಲ್ವ್ ಕಾಯುತ್ತವೆ. ಟ್ಯಾಂಕಿನಲ್ಲಿ ಐದು ಲೀಟರ್ ಇರಲಿ, ಮೂವತ್ತು ಲೀಟರ್ ಇರಲಿ, ಅಲ್ಲಿನ ಮಟ್ಟ ಒಂದೇ. ಪಂಪು, ಫಿಲ್ಟರು ಮತ್ತು ಎಂಜಿನ್ನಿಗೆ ಹೋಗುವ ಪೈಪುಗಳಲ್ಲಿ ಟ್ಯಾಂಕು ಅರ್ಧವಿದ್ದಾಗಲೂ ಪೆಟ್ರೋಲ್ ತುಂಬಿಯೇ ಇರುತ್ತದೆ. ಟ್ಯಾಂಕು ತುಂಬಿದಾಗ ಮಾತ್ರ ಒದ್ದೆಯಾಗುವ ಭಾಗಗಳು ಬೆರಳೆಣಿಕೆಯಷ್ಟು: ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ದಪ್ಪ ರಬ್ಬರ್ ಪೈಪು, ಅದರ ಪಕ್ಕದ ಸಣ್ಣ ಗಾಳಿ ಪೈಪು, ಟ್ಯಾಂಕಿನ ನೆತ್ತಿಯ ಮೇಲೆ ಕೂತು ಪೆಟ್ರೋಲ್ ಎಷ್ಟಿದೆಯೆಂದು ಅಳೆಯುವ ಗೇಜ್ ಯೂನಿಟ್ಟಿನ ಗ್ಯಾಸ್ಕೆಟ್.

ಬಿಸಿಲಿನ ಮಾತಿಗೂ ಲೆಕ್ಕವಿದೆ. ಪೆಟ್ರೋಲ್ ಒಂದು ಡಿಗ್ರಿ ಕಾಯ್ದರೆ ತನ್ನ ಗಾತ್ರದಲ್ಲಿ ಸಾವಿರಕ್ಕೆ ಸುಮಾರು ಒಂದು ಪಾಲು ಹಿಗ್ಗುತ್ತದೆ. ಬಂಕಿನ ನೆಲದಡಿಯ ತಂಪು ಟ್ಯಾಂಕಿನಿಂದ ಬಂದ 30 ಲೀಟರ್, ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರ ಮಧ್ಯಾಹ್ನಕ್ಕೆ 15 ಡಿಗ್ರಿ ಹೆಚ್ಚು ಕಾಯ್ದರೆ, ಸುಮಾರು 450 ಮಿಲಿಲೀಟರಿನಷ್ಟು ಹೆಚ್ಚಾಗಿ ಮೇಲಿನ ಪೈಪಿಗೆ ಏರುತ್ತದೆ. ಬಂಕಿನ ಗನ್ನು ತಾನಾಗಿಯೇ ಕಟ್ ಆದ ಮೇಲೂ ಲೆಕ್ಕ ಸರಿಯಾಗಲೆಂದು ಇನ್ನಷ್ಟು ಸುರಿಸಿಕೊಳ್ಳುವ ನಮ್ಮ ಚಟ ಇಲ್ಲಿ ಕೆಲಸ ಕೆಡಿಸುತ್ತದೆ, ಏಕೆಂದರೆ ಹಿಗ್ಗಲೆಂದು ಬಿಟ್ಟ ಜಾಗವನ್ನೇ ನಾವು ತುಂಬಿಸಿರುತ್ತೇವೆ.

ಹೊತ್ತನ್ನು ಹಿಡಿದು ಹುಡುಕುವ ಈ ಕ್ರಮ ಬೇರೆ ಕಾರುಗಳಿಗೂ ಒಪ್ಪುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು, ಎಂಜಿನ್ ಕಾಯ್ದ ಮೇಲೆ ನಿಲ್ಲುವ ವಾಸನೆಯಿದ್ದರೆ ಕಾರ್ಬೊರೇಟರಿನ ಬದಲು ಹೊಸ ಕಾರುಗಳಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಓ-ರಿಂಗುಗಳನ್ನೂ (ರಬ್ಬರ್ ಬಳೆಗಳನ್ನೂ) ಪೈಪಿನ ಜೋಡಣೆಗಳನ್ನೂ ನೋಡುತ್ತೇನೆ. ಗಟ್ಟಿಯಾದ ರಬ್ಬರು ತಂಪಿಗೆ ಕುಗ್ಗಿ ಸಂದು ಬಿಡುತ್ತದೆ, ಬಿಸಿಗೆ ಮತ್ತೆ ಕೂಡಿಕೊಳ್ಳುತ್ತದೆ. ದೂರ ಓಡಿಸಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಬಾನೆಟ್ಟಿನಿಂದ ಬಂದರೆ, ಎಂಜಿನ್ನಿನ ಶಾಖಕ್ಕೆ ಕಾರ್ಬೊರೇಟರಿನ ಬಟ್ಟಲು ಕುದಿಯುತ್ತಿರಬಹುದು, ಇಲ್ಲವೆ ನೀಡಲ್ ವಾಲ್ವ್ ಸವೆದಿರಬಹುದು. ವಾಸನೆಯ ಜೊತೆಗೆ ಆಯಿಲ್ ಮಟ್ಟ ಏರುತ್ತಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ಮೂಸುತ್ತೇನೆ. ಎಂಜಿನ್ನಿಗೆ ಕಚ್ಚಿಕೊಂಡಿರುವ ಹಳೆಯ ಮೆಕ್ಯಾನಿಕಲ್ ಪಂಪಿನ ಡಯಾಫ್ರಾಂ, ಅಂದರೆ ಒಳಗಿನ ತೆಳು ಪರದೆ, ಹರಿದರೆ ಪೆಟ್ರೋಲ್ ನೇರವಾಗಿ ಎಂಜಿನ್ನಿನ ತಳದ ಆಯಿಲ್ ಸಂಪಿಗೆ ಇಳಿಯುತ್ತದೆ. ತೆಳುವಾದ ಆ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಉಳಿಯುವುದಿಲ್ಲ, ಆದ್ದರಿಂದ ಅಂಥ ಕಾರನ್ನು ಓಡಿಸಿಕೊಂಡು ತರಬೇಡಿ, ಎಳೆಸಿಕೊಂಡು ಬನ್ನಿ ಎನ್ನುತ್ತೇನೆ. ನೆಲದ ಮೇಲೆ ಹನಿ ಕಂಡ ಕಾರಿಗೂ ಇದೇ ಮಾತು.

ಬಿಚ್ಚುವ ಕೆಲಸಕ್ಕೆ ಮೊದಲು ನಮ್ಮ ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳುವ ಕೆಲವು ಮಾತುಗಳಿವೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲಕ್ಕೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ, ಆದ್ದರಿಂದ ಈ ಕೆಲಸವನ್ನು ಸರ್ವಿಸ್ ಗುಂಡಿಯ ಮೇಲೆ ಮಾಡದೆ ಬಯಲಿನಲ್ಲಿ, ನೆರಳಿನಲ್ಲಿ ಮಾಡಬೇಕು. ಗಾಳಿಯಲ್ಲಿ ಆವಿ ಶೇ. 1.4ರಷ್ಟು ಸೇರಿದರೂ ಒಂದು ಕಿಡಿ ಸಾಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲೇ ತೆಗೆದಿರಬೇಕು, ವಯರಿಗೆ ನೇತಾಡುವ ಬಲ್ಬಿನ ಬದಲು ಟಾರ್ಚ್ ಬಳಸಬೇಕು, ಅದನ್ನೂ ದೂರದಲ್ಲೇ ಹೊತ್ತಿಸಿಕೊಂಡು ಬರಬೇಕು. ತೂತು ಹುಡುಕಲು ಟ್ಯಾಂಕಿಗೆ ಕಂಪ್ರೆಸರಿನ ಗಾಳಿ ಹೊಡೆಯುವುದನ್ನು ನಾನು ಯಾರಿಗೂ ಬಿಡುವುದಿಲ್ಲ. ಖಾಲಿ ಮಾಡಿದ್ದೇವೆಂದು ಟ್ಯಾಂಕನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯುವುದು ಅದಕ್ಕಿಂತ ಕೆಟ್ಟದ್ದು: ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿರುವುದಿಲ್ಲ, ಬರಿದಾದ ಟ್ಯಾಂಕಿನಲ್ಲಿ ಆವಿಯೂ ಗಾಳಿಯೂ ಬೆರೆತು ಕಿಡಿಗಾಗಿಯೇ ಕಾದಿರುತ್ತವೆ.

ಮೂಗನ್ನು ಬಹಳ ಹೊತ್ತು ನಂಬುವಂತಿಲ್ಲ. ಕೆಲವೇ ನಿಮಿಷಗಳಲ್ಲಿ ಅದು ವಾಸನೆಗೆ ಒಗ್ಗಿ ಸುಮ್ಮನಾಗುತ್ತದೆ, ಮೇಲಾಗಿ ಆ ಆವಿ ಆರೋಗ್ಯಕ್ಕೂ ಒಳ್ಳೆಯದಲ್ಲ. ಕಣ್ಣಿಗೆ ಸಿಗುವ ಸಾಕ್ಷಿ ಇದಕ್ಕಿಂತ ಗಟ್ಟಿ, ಅದರಲ್ಲಿ ನಮ್ಮ ಭಾಗದ ಧೂಳು ದೊಡ್ಡ ಸಹಾಯ ಮಾಡುತ್ತದೆ. ಆಯಿಲ್ ಜಿನುಗುವ ಕಡೆ ಧೂಳು ಕಪ್ಪಾಗಿ ಮೆತ್ತಿಕೊಂಡಿರುತ್ತದೆ; ಪೆಟ್ರೋಲ್ ಜಿನುಗುವ ಕಡೆ ಧೂಳು ತೊಳೆದುಹೋಗಿ, ಒಣಗಿದ ಪೆಟ್ರೋಲಿನ ಹಳದಿ ಮಿಶ್ರಿತ ಕಂದು ಕಲೆ ಉಳಿದಿರುತ್ತದೆ. ಮಾಸ್ತರರ ಕಾರಿನಲ್ಲಿ ಹಿಂದಿನ ಸೀಟು ತೆಗೆದು ನೋಡಿದಾಗ ಗೇಜ್ ಯೂನಿಟ್ಟಿನ ಸುತ್ತ ಧೂಳು ಒಣಗಿಯೇ ಇತ್ತು. ಚಕ್ರದ ಹಿಂದಿನಿಂದ ತಲೆ ಹಾಕಿ ನೋಡಿದರೆ, ಬಾಯಿ ಪೈಪಿನ ಕೆಳತುದಿಯಲ್ಲಿ, ಕ್ಲಿಪ್ಪಿನ ಅಂಚಿಗೆ ಆ ಕಂದು ಕಲೆ ಕಾಣಿಸಿತು. ಪೈಪನ್ನು ಕೈಯಿಂದ ಬಾಗಿಸಿದಾಗ ಅದರ ಮೈಮೇಲೆ ಎರೆ ಹೊಲ ಬೇಸಿಗೆಗೆ ಬಿರಿದಂತೆ ಸೀಳುಗಳು ತೆರೆದುಕೊಂಡವು. ಖಚಿತಪಡಿಸಿಕೊಳ್ಳಲು ಅದನ್ನು ಒರೆಸಿ, ಟಾಲ್ಕಂ ಪೌಡರ್ ಸವರಿ, ಟ್ಯಾಂಕು ತುಂಬಿಸಿ ಸ್ವಲ್ಪ ಹೊತ್ತು ನಿಲ್ಲಿಸಿದೆವು. ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ತಾನಾಗಿಯೇ ಮೂಡಿತು.

ಇಂಥ ಪೈಪು ಕೈಗೆ ಬಂದಾಗ ಈಗೀಗ ಎಲ್ಲರೂ ಎಥೆನಾಲ್ ಕಡೆಗೆ ಬೆರಳು ತೋರಿಸುತ್ತಾರೆ. ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಆಯ್ದ ಬಂಕುಗಳಿಗೆ ಬಂದು ಆಮೇಲೆ ದೇಶವೆಲ್ಲ ಹರಡಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಬ್ಬೂ ಅದರಲ್ಲಿ ಸೇರಿದೆ. ಹಳೆಯ ಕಾಲದ ಕೆಲವು ರಬ್ಬರುಗಳಿಗೆ ಅದು ಒಗ್ಗುವುದಿಲ್ಲ ಎಂಬುದು ನಿಜ. ಆದರೆ ಹಾಗೆ ಕೆಟ್ಟ ಪೈಪು ಸಾಮಾನ್ಯವಾಗಿ ಒಳಗಿನಿಂದ ಉಬ್ಬಿ, ಮೆತ್ತಗಾಗಿ, ಜಿಗುಟಾಗಿರುತ್ತದೆ. ಹೊರಗಿನಿಂದ ಒಣಗಿ ಸೀಳಿದ ಈ ಪೈಪು ವಯಸ್ಸಿನಿಂದಲೂ ಬಿಸಿಲಿನಿಂದಲೂ ಸತ್ತದ್ದು; ಅದರ ಮೇಲೆ ಯಾರೋ ಕ್ಲಿಪ್ಪನ್ನು ರಬ್ಬರಿನೊಳಗೆ ಹೂತುಹೋಗುವಷ್ಟು ಬಿಗಿದಿದ್ದರು.

ಹೊಸ ಪೈಪನ್ನು ಪೆಟ್ರೋಲಿಗೆಂದೇ ತಯಾರಾದದ್ದನ್ನೇ ಹಾಕಬೇಕು. ರೇಡಿಯೇಟರಿನ ನೀರಿನ ಪೈಪು ಅಳತೆಗೆ ಸರಿಹೊಂದಿದರೂ ಪೆಟ್ರೋಲನ್ನು ತಾಳುವುದಿಲ್ಲ. ಎಂಜಿನ್ನಿನ ಕಡೆಯ ಪೈಪಾದರೆ ಒತ್ತಡವನ್ನೂ ನೋಡಬೇಕು: ಕಾರ್ಬೊರೇಟರಿನ ಪಂಪು ಕೊಡುವುದು ಸುಮಾರು 0.2ರಿಂದ 0.3 ಬಾರ್, ಇಂಜೆಕ್ಷನ್ ಕಾರಿನಲ್ಲಿ ಅದು 3 ಬಾರ್ ಆಸುಪಾಸು. ಕಾರ್ಬೊರೇಟರಿಗೆ ಹೊಂದುವ ಪೈಪು ಇಂಜೆಕ್ಷನ್ನಿನಲ್ಲಿ ಸಿಡಿಯಬಹುದು, ಆದ್ದರಿಂದ ಪೈಪಿನ ಮೈಮೇಲಿನ ಎಸ್‌ಎಇ ಜೆ30 (ಇಂಧನ ಪೈಪುಗಳ ಗುಣಮಟ್ಟದ) ಗುರುತನ್ನು ಓದಿಕೊಂಡು ಇಂಜೆಕ್ಷನ್‌ಗೆ ಆರ್9 ದರ್ಜೆಯದನ್ನು ಕೇಳಿ ತರುತ್ತೇವೆ. ಮಾಸ್ತರರ ಕಾರಿಗೆ ಬಾಯಿ ಪೈಪು, ಗಾಳಿ ಪೈಪು, ಮುಚ್ಚಳದ ರಬ್ಬರ್ ರಿಂಗು, ಅಂಚು ಮಡಿಸಿದ ಹೊಸ ಕ್ಲಿಪ್ಪುಗಳು ಇಷ್ಟನ್ನೇ ಬದಲಿಸಿದೆವು. ಗಾಳಿ ಪೈಪು ಸೀಳಿರಲಿಲ್ಲ, ಆದರೆ ಅದೇ ವಯಸ್ಸಿನದು. ಅದನ್ನು ಉಳಿಸಿ ಮತ್ತೊಮ್ಮೆ ಚಕ್ರ ಬಿಚ್ಚುವುದರಲ್ಲಿ ಅರ್ಥವಿರಲಿಲ್ಲ.

ಮತ್ತೆ ಪೌಡರ್ ಸವರಿ, ಟ್ಯಾಂಕು ತುಂಬಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿ ನೋಡಿದೆವು. ಪುಡಿ ಒಣಗಿಯೇ ಇತ್ತು. ಬಳಿಕ ಸೊಲ್ಲಾಪುರ ರಸ್ತೆಯಲ್ಲಿ ಒಂದು ಸುತ್ತು ಹೋಗುವಾಗ ಅಕ್ಕಾರನ್ನು ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡೆ, ಏಕೆಂದರೆ ಇಡೀ ದಿನ ಪೆಟ್ರೋಲಿನ ನಡುವೆ ಇದ್ದ ನನ್ನ ಮೂಗಿನ ತೀರ್ಪಿಗೆ ಬೆಲೆಯಿರಲಿಲ್ಲ. ವಾಸನೆ ಇಲ್ಲವೆಂದು ಅವರು ಹೇಳಿದ ಮೇಲೆಯೂ ಕಾರನ್ನು ಆ ದಿನ ಕೊಡಲಿಲ್ಲ. ಹಿಂದಿನವರು ವಾಸನೆ ತಗ್ಗಿಸಲೆಂದು ಕಾರ್ಬೊರೇಟರಿನ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ, ಫ್ಲೋಟಿನ ನಾಲಿಗೆಯನ್ನೂ ಬಗ್ಗಿಸಿ ಪೆಟ್ರೋಲ್ ಕಡಿಮೆ ಮಾಡಿದ್ದರು. ಏರಿನಲ್ಲಿ ಕಾರು ಎಳೆಯುತ್ತಲೂ ಇರಲಿಲ್ಲ, ಅದಕ್ಕೆ ಇದೇ ಕಾರಣವಾಗಿತ್ತು. ಮರುದಿನ ಬೆಳಿಗ್ಗೆ ಎಂಜಿನ್ ತಂಪಾಗಿದ್ದಾಗ ಫ್ಲೋಟಿನ ಮಟ್ಟವನ್ನು ಅಳತೆಗೆ ತಂದು, ಎಂಜಿನ್ ಚೆನ್ನಾಗಿ ಕಾಯ್ದ ಮೇಲೆ ಐಡ್ಲಿಂಗ್ (ನಿಂತಲ್ಲೇ ಎಂಜಿನ್ ತಿರುಗುವ ವೇಗ) ಕೂರಿಸಿ, ಕಾರನ್ನು ಮಾಸ್ತರರ ಮನೆಗೆ ಕಳುಹಿಸಿದೆವು.