ಉಷಾ ಉತ್ತುಪ್ ಯಾಕೆ ಅಂತ ಕೇಳೋರಿಗೆ

"ಅಲ್ಲಕ್ಕಾ, ಜಾನಕಮ್ಮ ಇದಾರೆ, ಚಿತ್ರಾ ಇದಾರೆ, ವಾಣಿ ಜಯರಾಂ ಹಾಡುಗಳಿದಾವೆ, ಎಲ್ಲಾ ಬಿಟ್ಟು ನಿಂಗೆ ಆ ಗಂಡುದನಿ ಉಷಾ ಉತ್ತುಪ್ ಯಾಕೆ ಹಿಡೀತು?" ನನ್ನ ತಮ್ಮ ಕೇಳಿದಾನೆ, ಆಫೀಸಲ್ಲಿ ಕೇಳಿದಾರೆ, ಮದುವೆ ಮನೇಲಿ ಪಕ್ಕದ ಎಲೆಗೆ ಕೂತೋರೂ ಕೇಳಿದಾರೆ. ಇಷ್ಟು ದಿನ "ಅವ್ರ ಸೀರೆ ಚೆನ್ನಾಗಿರ್ತಾವೆ ಬಿಡ್ರಿ" ಅಂತ ತಪ್ಪಿಸ್ಕೊಂಡು ಬಂದಿದೀನಿ, ಇವತ್ತು ಪೂರ್ತಿ ಹೇಳಿ ಮುಗಿಸಿಬಿಡ್ತೀನಿ.

ನಂದೂ ಗಂಡುದನಿನೇ ಕಣ್ರಿ. ಫೋನಲ್ಲಿ ಗ್ಯಾಸ್ ಬುಕ್ ಮಾಡಿದ್ರೆ "ಆಯ್ತು ಸಾರ್" ಅಂತಾರೆ. ಐದನೇ ಕ್ಲಾಸಲ್ಲಿ ಪ್ರಾರ್ಥನೆ ಹೇಳೋ ಗುಂಪಿಗೆ ಸೇರ್ಕೊಂಡಿದ್ದೆ, ಎರಡೇ ದಿನಕ್ಕೆ ಮಿಸ್ಸು ಕರೆದು "ನೀನು ಬಾಯಿ ಆಡ್ಸು ಸಾಕು, ದನಿ ತೆಗೀಬೇಡ" ಅಂದ್ರು. ಬಾಯಿ ಆಡಿಸ್ತಾನೇ ವರ್ಷ ಕಳೆದೆ. ಆಮೇಲೆ ಹೆಣ್ಣು ನೋಡೋಕೆ ಬಂದಾಗ ಇನ್ನೊಂದು ಕಥೆ, ಉಪ್ಪಿಟ್ಟು ಕೇಸರಿಬಾತ್ ಎಲ್ಲಾ ಆದ್ಮೇಲೆ "ಒಂದು ವಚನ ಹೇಳವ್ವ" ಅಂದ್ರು, ನಾನು ನನ್ನ ಶ್ರುತೀಲೇ ಶುರು ಮಾಡಿದೆ, ಹುಡುಗನ ದೊಡ್ಡಪ್ಪ ಪಾಪ ಕಾಳಜಿಯಿಂದಾನೇ "ಹುಡುಗಿಗೆ ನೆಗಡಿ ಆಗೈತೇನ್ರಿ?" ಅಂತ ಕೇಳಿದ್ರು. ನಮ್ಮವ್ವ ಒಂದು ಕ್ಷಣಾನೂ ತಡ ಮಾಡ್ದೆ "ಹೂಂ ರೀ, ಮೂರು ದಿನದಿಂದ" ಅಂದುಬಿಟ್ಲು. ಆ ಸಂಬಂಧ ಕೂಡಲಿಲ್ಲ. ಈಗಿರೋ ನಮ್ಮನೆಯವ್ರು ಹಾಡು ಕೇಳಲೇ ಇಲ್ಲ, ಬದುಕಿಕೊಂಡೆ.

ಉಷಾ ಉತ್ತುಪ್ ಸಿಕ್ಕಿದ್ದು ಈ ಎರಡರ ಮಧ್ಯೆ, ಹೈಸ್ಕೂಲಲ್ಲಿದ್ದಾಗ. ದಾವಣಗೆರೆಯೋರಿಗೆ ಅಶೋಕ ಟಾಕೀಸ್ ರೈಲ್ವೆ ಗೇಟಿನ ಬಗ್ಗೆ ಹೇಳೋದೇ ಬೇಡ, ಆಗ ಅದು ಒಂದ್ಸಲ ಬಿತ್ತು ಅಂದ್ರೆ ಸೈಕಲ್ಲು ಗಾಡಿ ಆಟೋ ಎಲ್ಲಾ ಉದ್ದಕ್ಕೆ ನಿಲ್ತಿದ್ವು. ಅವತ್ತು ಗೂಡ್ಸ್ ಗಾಡಿ, ಡಬ್ಬಿ ಎಣಿಸ್ತಾ ನಿಂತಿದ್ದೆ, ಅಲ್ಲೇ ಇದ್ದ ಕ್ಯಾಸೆಟ್ ಅಂಗಡೀಲಿ ಯಾವುದೋ ಹಿಂದಿ ಡಿಸ್ಕೋ ಹಾಡು ಹಾಕಿದ್ರು. ಯಾರೋ ಗಂಡಸು ಮಸ್ತ್ ಹಾಡ್ತಾನೆ ಅಂದ್ಕೊಂಡೆ. ಅಂಗಡಿಯಣ್ಣ ಕ್ಯಾಸೆಟ್ಟಿನ ಕವರ್ ತೋರಿಸಿದ, ನೋಡಿದ್ರೆ ರೇಷ್ಮೆ ಸೀರೆ, ಹಣೆ ತುಂಬ ಕುಂಕುಮ, ಮುಡಿ ತುಂಬ ಹೂವು, ನಮ್ಮ ದುಗ್ಗಮ್ಮನ ಜಾತ್ರೇಲಿ ಉಡಿ ತುಂಬಕ್ಕೆ ನಿಂತಿರೋ ಅತ್ತೆ ಥರ! ಗೇಟ್ ತೆಗೆದದ್ದು ಗೊತ್ತೇ ಆಗಲಿಲ್ಲ, ಹಿಂದಿನೋರು ಬೈದ್ಮೇಲೆ ಸೈಕಲ್ ತಳ್ಳಿದೆ.

ಆಮೇಲೆ ಎಲ್ಲೆಲ್ಲಿ ಅವ್ರ ಬಗ್ಗೆ ಬರ್ತಿತ್ತೋ ಅಲ್ಲೆಲ್ಲ ಓದಿದೆ. 1947ರಲ್ಲಿ ಹುಟ್ಟಿದ್ದು, ಬಾಂಬೆಯಲ್ಲಿ ಬೆಳೆದ ತಮಿಳು ಮನೆ ಹುಡುಗಿ, ರೇಡಿಯೋ ಸಿಲೋನ್ ಕೇಳಿಕೊಂಡು ಬೆಳೆದೋರು, ಸಂಗೀತ ಅಂತ ಶಾಸ್ತ್ರೋಕ್ತವಾಗಿ ಕಲಿತೇ ಇಲ್ಲ. ಸ್ಕೂಲಲ್ಲಿ ಇವ್ರ ದನಿ ಹೊಂದಲ್ಲ ಅಂತ ಹಾಡಿನ ಕ್ಲಾಸಿಂದ ಹೊರಗೆ ಹಾಕಿದ್ರಂತೆ, ಆಮೇಲೆ ತಾಳ ಕುಟ್ಟೋಕೆ ಏನೋ ಕೈಗೆ ಕೊಟ್ರಂತೆ. ಇದನ್ನ ಅವ್ರೇ ಸಂದರ್ಶನಗಳಲ್ಲಿ ನಗ್ತಾ ಹೇಳ್ತಾರೆ. ಅದನ್ನ ಓದಿದ ದಿನ ನನಗೆ ನಗು ಬರಲಿಲ್ಲ, ಎರಡು ಸಲ ಓದಿದೆ.

1969ರಲ್ಲಿ ಮದ್ರಾಸಿನ ನೈನ್ ಜೆಮ್ಸ್ ಅನ್ನೋ ನೈಟ್‌ಕ್ಲಬ್ಬಲ್ಲಿ ಹಾಡೋಕೆ ನಿಂತ್ರು, ಕಾಂಜೀವರಂ ಸೀರೆ ಉಟ್ಕೊಂಡೇ. ಆಮೇಲೆ ಕಲ್ಕತ್ತಾದ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್ ಅನ್ನೋ ರೆಸ್ಟೋರೆಂಟ್. ಆ ಕಾಲದ ನೈಟ್‌ಕ್ಲಬ್ ಅಂದ್ರೆ ನಮ್ಮ ಕಡೆ ಸಿನಿಮಾದಲ್ಲಿ ವಿಲನ್ ಕೂತ್ಕೊಂಡು ಕುಡಿಯೋ ಜಾಗ, ಅಲ್ಲಿ ಈಯಮ್ಮ ಅತ್ತೆ ಥರ ನಿಂತು ಇಂಗ್ಲಿಷ್ ಹಾಡು ಹೇಳಿದ್ದು ನೆನೆಸ್ಕೊಂಡ್ರೆ ಈಗ್ಲೂ ಮಜಾ ಅನ್ಸುತ್ತೆ. ಉಷಾ ಅಯ್ಯರ್ ಅಂತ ಹೆಸರಿದ್ದಾಗ 1971ರಲ್ಲೇ ಆರ್.ಡಿ. ಬರ್ಮನ್ 'ಹರೇ ರಾಮ ಹರೇ ಕೃಷ್ಣ'ದಲ್ಲಿ ಆಶಾ ಭೋಂಸ್ಲೆ ಜೊತೆ ಹಾಡ್ಸಿದ್ರು. ಆಮೇಲೆ ಎಂಬತ್ತರ ದಶಕದಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಕಾಲ, 'ಡಿಸ್ಕೋ ಡ್ಯಾನ್ಸರ್' ಎಲ್ಲಾ. ನಿಜ ಹೇಳ್ಲಾ, ಆ ಡಿಸ್ಕೋ ಹಾಡುಗಳೇ ಅವ್ರ ಬೆಸ್ಟ್ ಅಂತ ನಾನು ಒಪ್ಪಲ್ಲ. ಸಂಗೀತದ ಗದ್ದಲದಲ್ಲಿ ಅರ್ಧ ದನಿ ಮುಳುಗಿ ಹೋಗಿರುತ್ತೆ.

ಆದ್ರೆ ಅವ್ರಿಗೆ ಅಂಥವೇ ಯಾಕೆ ಜಾಸ್ತಿ ಸಿಕ್ಕಿದ್ವು ಅನ್ನೋದನ್ನ ನೋಡ್ರಿ. ಆಗ ಹೀರೋಯಿನ್ ಅಂದ್ರೆ ಲತಾ ಮಂಗೇಶ್ಕರ್ ಥರ ತೆಳು, ಮೇಲಿನ ದನಿ. ದಪ್ಪ ದನಿ ಬಂದ್ರೆ ಅದು ಕ್ಲಬ್ಬಲ್ಲಿ ಕುಣಿಯೋಳಿಗೆ. ನಮ್ಮ ಓಣಿ ಮಠದ ಭಜನೇಲಿ ಪೇಟಿ, ಅಂದ್ರೆ ಹಾರ್ಮೋನಿಯಂ, ನುಡಿಸೋ ಅಜ್ಜಾರು ಹೆಂಗಸರಿಗೆ ಅಂತ ಮೇಲಿನ ಶ್ರುತಿ ಹಿಡಿಯೋರು, ಪೇಟಿಯ ಕಪ್ಪು ಮನೆಗಳಲ್ಲಿ ನಾಲ್ಕನೇದೋ ಐದನೇದೋ, ನಾನು ಅಲ್ಲಿಗೆ ಏರೋಕೆ ಹೋಗಿ ಕಿರುಚಿ ಗಂಟಲು ಕೆಡಿಸ್ಕೊಳ್ತಿದ್ದೆ, ಕೊನೆಗೆ ಅವ್ರೇ ಒಂದಿನ "ತಂಗೀ, ನಿಂದು ಕಪ್ಪು ಒಂದು, ಗಂಡಸರ ಜೊತಿ ಕುಂದರು" ಅಂದ್ರು. ಬೈಗುಳ ಅಲ್ಲ ಅದು, ಲೆಕ್ಕ. ಅವತ್ತಿಂದ ಗಂಟಲು ನೋವಿಲ್ಲ. ಉಷಾ ಉತ್ತುಪ್ ಐವತ್ತು ವರ್ಷಕ್ಕೂ ಮೇಲೆ ಹಾಡಿದ್ದು ಹೀಗೇ, ಬೇರೆಯೋರ ಶ್ರುತಿಗೆ ಏರೋಕೆ ಹೋಗಲೇ ಇಲ್ಲ. ಎಂಬತ್ತರ ದಶಕದಲ್ಲಿ ಬಂಗಾಳದ ಮಂತ್ರಿಯೊಬ್ರು ಇವ್ರ ಹಾಡು ಅಪಸಂಸ್ಕೃತಿ ಅಂತ ಸರ್ಕಾರಿ ಹಾಲಲ್ಲಿ ಹಾಡೋದಕ್ಕೆ ಅಡ್ಡ ಹಾಕಿದ್ರು, ಇವ್ರು ಕೋರ್ಟಿಗೆ ಹೋಗಿ ಗೆದ್ಕೊಂಡು ಬಂದ್ರು. ಬಂದೋರು ಸೀರೆ ಬದಲಾಯಿಸ್ಲಿಲ್ಲ, ದನಿ ಬದಲಾಯಿಸ್ಲಿಲ್ಲ, ಆ ಊರನ್ನೂ ಬಿಡಲಿಲ್ಲ. ಹಣೆ ಮೇಲಿನ ಬಿಂದೀಲಿ ಬಂಗಾಳಿ 'ಕ' ಇರುತ್ತಲ್ಲ, ಅದು ಕಲ್ಕತ್ತಾದ ಕ.

ಫಿಲ್ಮ್‌ಫೇರ್ ಬಂದಿದ್ದು 64ನೇ ವಯಸ್ಸಲ್ಲಿ, 2012ರಲ್ಲಿ, 'ಸಾತ್ ಖೂನ್ ಮಾಫ್' ಹಾಡಿಗೆ ರೇಖಾ ಭಾರದ್ವಾಜ್ ಜೊತೆ. ಅದಕ್ಕೆ ಹಿಂದಿನ ವರ್ಷ ಪದ್ಮಶ್ರೀ, 2024ಕ್ಕೆ ಪದ್ಮಭೂಷಣ. ಅದೇ 2024ರಲ್ಲಿ ಯಜಮಾನ್ರು ತೀರಿಕೊಂಡ್ರು, ಟ್ರಿಂಕಾಸಲ್ಲಿ ಹಾಡ್ತಿದ್ದ ಕಾಲದಲ್ಲಿ ಪರಿಚಯ ಆದೋರು ಅವ್ರು.

ಇನ್ನೊಂದು ಪ್ರಶ್ನೆ ಜೊತೆಗೇ ಬರುತ್ತೆ, "ನಿಂಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವ್ರ ಹಾಡು ಏನು ತಿಳಿಯುತ್ತೆ?" ಅಂತ. ತಿಳಿಯಲ್ಲಪ್ಪ, ಅರ್ಧ ತಿಳಿಯಲ್ಲ. ಅವ್ರು ಸ್ವಾಹಿಲೀಲೂ ಹಾಡಿದಾರೆ, ಅದಂತೂ ಒಂದಕ್ಷರ ತಿಳಿಯಲ್ಲ, ಅದೇ ನನಗೆ ಎಲ್ಲಕ್ಕಿಂತ ಇಷ್ಟ. ಸ್ಟೇಜ್ ಮೇಲೆ ಕೆಲವು ಸಲ ಮಾತು ಜಾಸ್ತಿ ಆಗುತ್ತೆ, ಅದನ್ನ ಓಡಿಸಿಬಿಡ್ತೀನಿ.

ಹೊಸದಾಗಿ ಕೇಳೋರು ಡಿಸ್ಕೋಯಿಂದ ಶುರು ಮಾಡಬೇಡ್ರಿ. ವಾದ್ಯ ಕಮ್ಮಿ ಇರೋ ಲೈವ್ ವಿಡಿಯೋ ಹುಡುಕ್ರಿ, ಅದನ್ನ ಮೊಬೈಲಲ್ಲೂ ಕೇಳಬೇಡ್ರಿ, ಮೊಬೈಲಿನ ಸಣ್ಣ ಸ್ಪೀಕರಿಗೆ ಕೆಳಗಿನ ಸ್ವರ ಸಿಗಲ್ಲ, ಅವ್ರ ದನಿ ಇರೋದೇ ಅಲ್ಲಿ. ನಾನು ನಮ್ಮನೆಯವ್ರ ಕಾರಲ್ಲಿ ಹಾಕ್ತೀನಿ, ಗಾಜು ಏರಿಸ್ಕೊಂಡು, ಜೊತೆಗೆ ಹಾಡ್ಕೊಂಡು. ದಾರೀಲಿ ಯಾವುದಾದ್ರೂ ರೈಲ್ವೆ ಗೇಟ್ ಬಿದ್ರೆ ಇನ್ನೂ ಒಳ್ಳೇದು, ಎರಡು ಹಾಡು ಆಗುತ್ತೆ.