ಲೈಸೆನ್ಸ್ ಸರ್ವರ್ ತಾನಾಗಿಯೇ ಏಳಬೇಕು

ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯವಿರಲಿ, ಚಿಪ್ ವಿನ್ಯಾಸದ ಕಚೇರಿಯಿರಲಿ, ದುಬಾರಿ ತಂತ್ರಾಂಶಗಳ ಪರವಾನಗಿಯನ್ನು ಹಂಚಿಕೊಡುವ ಹೊಣೆ ಬಹಳ ಕಡೆ ಫ್ಲೆಕ್ಸ್‌ನೆಟ್ ಪಬ್ಲಿಷರ್‌ನದು. ಮ್ಯಾಟ್‌ಲ್ಯಾಬ್‌ನ ನೆಟ್‌ವರ್ಕ್ ಲೈಸೆನ್ಸ್ ನಡೆಯುವುದೂ ಇದರ ಮೇಲೆಯೇ. ಹಳಬರು ಇಂದಿಗೂ ಅದನ್ನು ಫ್ಲೆಕ್ಸ್‌ಎಲ್‌ಎಂ ಎಂದೇ ಕರೆಯುತ್ತಾರೆ. ಯಾರೋ ಒಬ್ಬರು ಲಾಗಿನ್ ಆಗಿ ಟರ್ಮಿನಲ್‌ನಲ್ಲಿ ಆದೇಶ ಕೊಟ್ಟರೆ ಮಾತ್ರ ಅದು ಶುರುವಾಗುತ್ತದೆ ಎನ್ನುವ ವ್ಯವಸ್ಥೆಯನ್ನು ನಾನು ಒಪ್ಪುವುದಿಲ್ಲ. ರಾತ್ರಿ ಕರೆಂಟು ಹೋಗಿ ಬಂದರೆ, ಬೆಳಿಗ್ಗೆ ಪ್ರಯೋಗಕ್ಕೆ ಕುಳಿತ ವಿದ್ಯಾರ್ಥಿಗಳು ಆ ಒಬ್ಬರಿಗಾಗಿ ಕಾಯಬೇಕಾಗುತ್ತದೆ.

ಲಿನಕ್ಸ್‌ನಲ್ಲಿ ಇದನ್ನು, ಯಂತ್ರ ಏಳುವಾಗಲೇ ಕಾರ್ಯಕ್ರಮಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಂಡಿಯ ಸರ್ವಿಸ್ ಆಗಿ ಬರೆಯುವುದೇ ಸರಿಯಾದ ದಾರಿ. ಎಲ್‌ಎಂಜಿಆರ್‌ಡಿ ಎಂಬ ಮುಖ್ಯ ಡೀಮನ್ (ಸದಾ ಓಡುತ್ತಿರುವ ಸೇವಾ ಕಾರ್ಯಕ್ರಮ) ಸಾಮಾನ್ಯವಾಗಿ ತನ್ನನ್ನು ತಾನೇ ಹಿನ್ನೆಲೆಗೆ ಸರಿಸಿಕೊಳ್ಳುತ್ತದೆ. ಆಗ ಸಿಸ್ಟಂಡಿಗೆ ಯಾವ ಪ್ರಕ್ರಿಯೆಯ ಮೇಲೆ ಕಣ್ಣಿಡಬೇಕೆಂಬುದರಲ್ಲಿ ಗೊಂದಲವಾಗಬಹುದು. ಆದ್ದರಿಂದ ‘-ಝಡ್’ ಆಯ್ಕೆ ಕೊಟ್ಟು ಅದನ್ನು ಮುನ್ನೆಲೆಯಲ್ಲೇ ಇರಿಸಿ, ಸರ್ವಿಸ್‌ನ ಬಗೆಯನ್ನು ‘ಸಿಂಪಲ್’ ಎಂದು ನಮೂದಿಸುವುದು ನನಗೆ ಮೆಚ್ಚುಗೆ. ನೆಟ್‌ವರ್ಕ್ ಸಿದ್ಧವಾದ ಮೇಲೆಯೇ ಇದು ಏಳಬೇಕೆಂಬುದನ್ನೂ ಬರೆಯಬೇಕು. ಎಲ್ಲ ಅಧಿಕಾರವಿರುವ ರೂಟ್ ಖಾತೆಯಲ್ಲಿ ಇದನ್ನು ಓಡಿಸಬೇಕಾದ ಅಗತ್ಯವಿಲ್ಲ; ಇದಕ್ಕೆಂದೇ ಒಂದು ಸಾಮಾನ್ಯ ಖಾತೆ ತೆರೆದರೆ ಸಾಕು.

ಹೆಚ್ಚು ತೊಂದರೆ ಕೊಡುವುದು ಪೋರ್ಟು, ಅಂದರೆ ಬೇರೆ ಯಂತ್ರಗಳು ಸರ್ವರನ್ನು ತಲುಪುವ ಸಂಖ್ಯೆಯ ಬಾಗಿಲು. ಪರವಾನಗಿ ಕಡತದ ಸರ್ವರ್ ಸಾಲಿನಲ್ಲಿ ಪೋರ್ಟ್ ಬರೆಯದಿದ್ದರೆ ಎಲ್‌ಎಂಜಿಆರ್‌ಡಿ 27000ರಿಂದ 27009ರ ನಡುವೆ ಒಂದನ್ನು ಹಿಡಿಯುತ್ತದೆ, ಆದರೆ ಅದು ಎಬ್ಬಿಸುವ, ತಂತ್ರಾಂಶ ಕಂಪನಿಯದೇ ಆದ ವೆಂಡರ್ ಡೀಮನ್‌ಗೆ ಬೇರೆಯದೇ ಪೋರ್ಟ್ ಬೇಕು, ಮತ್ತು ಅದನ್ನು ಗೊತ್ತುಪಡಿಸದಿದ್ದರೆ ಪ್ರತಿ ಸಲ ಎದ್ದಾಗಲೂ ಕಾರ್ಯಾಚರಣಾ ವ್ಯವಸ್ಥೆ ಕೊಟ್ಟದ್ದನ್ನು ಅದು ತೆಗೆದುಕೊಳ್ಳುತ್ತದೆ. ಫೈರ್‌ವಾಲ್‌ನಲ್ಲಿ ಮೊದಲನೆಯದನ್ನಷ್ಟೇ ತೆರೆದಿದ್ದರೆ, ಸರ್ವರ್ ಎದ್ದಿರುವಂತೆ ಕಂಡರೂ ಯಾರಿಗೂ ಪರವಾನಗಿ ಸಿಗುವುದಿಲ್ಲ. ಕಡತದ ಸರ್ವರ್ ಸಾಲು, ವೆಂಡರ್ ಸಾಲು ಎರಡರಲ್ಲೂ ಪೋರ್ಟನ್ನು ಸ್ಥಿರಗೊಳಿಸಿ. ಇವನ್ನು ತಿದ್ದಲು ಅಡ್ಡಿಯಿಲ್ಲ. ಯಂತ್ರದ ಗುರುತಾದ ಹೋಸ್ಟ್‌ಐಡಿಯನ್ನು ಮಾತ್ರ ಮುಟ್ಟಬಾರದು, ಏಕೆಂದರೆ ಕಡತದ ಸಹಿ ಅದರ ಮೇಲೆ ನಿಂತಿದೆ.

ಇನ್ನೊಂದು ಕಿರಿಕಿರಿ, ಡೀಮನ್ ಹುಡುಕುವ ಯುಎಸ್ಆರ್ ಒಳಗಿನ ‘ಟಿಎಂಪಿ’ ಎಂಬ ಕಡತಕೋಶ ಹಲವು ವಿತರಣೆಗಳಲ್ಲಿ ಇರುವುದೇ ಇಲ್ಲ. ಆಗ ‘ಫ್ಲೆಕ್ಸ್‌ಎಲ್‌ಎಂ’ ಕೋಶ ಮಾಡಲಾಗಲಿಲ್ಲ ಎಂಬ ದೂರು ಲಾಗ್‌ನಲ್ಲಿ ಕಾಣುತ್ತದೆ. ಆ ‘ಟಿಎಂಪಿ’ ಕೋಶವನ್ನು ಮಾಡಿ, ಅಲ್ಲಿ ಬರೆಯುವ ಅನುಮತಿಯನ್ನು ಆ ಸಾಮಾನ್ಯ ಖಾತೆಗೆ ಕೊಟ್ಟರೆ ಸರಿಹೋಗುತ್ತದೆ.

ಸರ್ವರ್ ನಿಲ್ಲಿಸಲು, ಪ್ರಕ್ರಿಯೆಯನ್ನು ಬಲವಂತವಾಗಿ ಕೊಲ್ಲುವ ‘ಕಿಲ್ -9’ ಬಳಸಬೇಡಿ. ಎಲ್‌ಎಂಡೌನ್ ಎಂಬ ಆದೇಶ ಇರುವುದೇ ನಿಲ್ಲಿಸುವುದಕ್ಕೆ. ಯಾರಾದರೂ ಪರವಾನಗಿಯನ್ನು ಲ್ಯಾಪ್‌ಟಾಪ್‌ಗೆ ಎರವಲು ಪಡೆದಿದ್ದರೆ ಅದು ಸುಮ್ಮನೆ ನಿಲ್ಲಲು ಒಪ್ಪುವುದಿಲ್ಲ, ಆ ಎಚ್ಚರಿಕೆ ಒಳ್ಳೆಯದೇ. ಎಲ್ಲ ಮುಗಿದ ಮೇಲೆ ಯಂತ್ರವನ್ನು ರೀಬೂಟ್ ಮಾಡಿ, ಅದಕ್ಕೆ ಯಾರೂ ಲಾಗಿನ್ ಆಗದಂತೆ ನೋಡಿಕೊಂಡು, ಬೇರೊಂದು ಯಂತ್ರದಿಂದ, ಸರ್ವರ್‌ನ ಸ್ಥಿತಿ ತೋರಿಸುವ ಎಲ್‌ಎಂಸ್ಟ್ಯಾಟ್ ಓಡಿಸಿ. ವೆಂಡರ್ ಡೀಮನ್ ‘ಅಪ್’ ಎಂದು ಅಲ್ಲಿ ಕಂಡರೆ ಮಾತ್ರ ಸರ್ವಿಸ್ ಸಿದ್ಧವಾಗಿದೆ ಎಂದು ನಾನು ಒಪ್ಪುತ್ತೇನೆ.