ಅವರ ಕಡೆ ಗಟ್ಟಿ, ನನ್ನ ಕಡೆ ಮೆತ್ತಗೆ: ಲ್ಯಾಟೆಕ್ಸ್ ಹಾಸಿಗೆಯ ಆರು ವಾರ

ಜೂನ್ 7

ಹಾಸಿಗೆ ಬಂತು. ನಿಜ ಹೇಳಬೇಕೆಂದರೆ ಬಂದದ್ದು ಆರು ರಬ್ಬರ್ ಹಾಳೆ, ಮತ್ತೆ ಜಿಪ್ ಇರುವ ಒಂದು ಹತ್ತಿ ಕವರ್. ನಮ್ಮ ಮಂಚ 72 ಇಂಚು ಅಗಲ, 78 ಇಂಚು ಉದ್ದ. ಹಾಳೆಗಳು ತಲಾ 36 ಇಂಚು ಅಗಲ, ಅಂದರೆ ನಮ್ಮ ಯಜಮಾನರಿಗೆ ಮೂರು, ನನಗೆ ಮೂರು. ಕೆಳಗೆ 3 ಇಂಚಿನ ಗಟ್ಟಿ ಪದರ, ಅದರ ಮೇಲೆ 2 ಇಂಚಿನ ಮಧ್ಯಮ, ಎಲ್ಲಕ್ಕಿಂತ ಮೇಲೆ 2 ಇಂಚಿನ ಮೆತ್ತನೆಯದು.

ಇವರ ತೂಕ 86 ಕೆಜಿ, ಅಂಗಾತ ಮಲಗುತ್ತಾರೆ. ನಾನು 53 ಕೆಜಿ, ಎಡ ಮಗ್ಗುಲಿಗೆ ಮಲಗಿದರೇನೇ ನಿದ್ದೆ. ಹನ್ನೊಂದು ವರ್ಷ ಒಂದೇ ತೆಂಗಿನ ನಾರಿನ ಹಾಸಿಗೆಯಲ್ಲಿ ಮಲಗಿದೆವು. ಅವರಿಗೆ ಅದು ಹಿತ. ನನಗೆ ಬೆಳಿಗ್ಗೆ ಎದ್ದರೆ ತೋಳು ಜೋಮು. ಇಬ್ಬರಿಗೂ ಹೊಂದುವ ಒಂದು ಹಾಸಿಗೆ ಹುಡುಕುವುದನ್ನು ಬಿಟ್ಟು, ಒಂದೇ ಕವರಿನೊಳಗೆ ಎರಡು ಹಾಸಿಗೆ ಮಾಡೋಣ ಅಂತ ಹೊರಟಿದ್ದೇವೆ.

ಪೆಟ್ಟಿಗೆ ಬಿಚ್ಚಿದಾಗ ಬಂದ ವಾಸನೆಗೆ ಸುಳ್ಯದ ತವರುಮನೆ ನೆನಪಾಯಿತು. ಅಲ್ಲಿ ನಮ್ಮದೂ ಸ್ವಲ್ಪ ರಬ್ಬರ್ ಇತ್ತು. ಚಿಪ್ಪಿನಲ್ಲಿ ಇಳಿದ ರಬ್ಬರ್ ಹಾಲು, ಅಂದರೆ ಲ್ಯಾಟೆಕ್ಸ್, ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗಿಬಿಡುತ್ತದೆ. ಹಾಸಿಗೆಗೆ ಹೋಗುವ ಹಾಲಿಗೆ ಹಾಗಾಗದಂತೆ ಅಮೋನಿಯಾ ಬೆರೆಸಿ ಇಡುತ್ತಾರೆ. ಆಮೇಲೆ ಅದನ್ನು ನೊರೆ ಬರುವ ಹಾಗೆ ಕಡೆದು, ಅಚ್ಚಿಗೆ ಹೊಯ್ದು, ಆವಿಯಲ್ಲಿ ಬೇಯಿಸುತ್ತಾರೆ. ಹೆಚ್ಚುಕಡಿಮೆ ಇಡ್ಲಿಯ ಹಾಗೆ, ಅಲ್ವಾ! ಹಾಳೆಯ ತುಂಬ ಕಾಣುವ ತೂತುಗಳು ಅಚ್ಚಿನ ಕಡ್ಡಿಗಳದ್ದು. ಒಳಗಿನವರೆಗೂ ಕಾವು ಹೋಗಲಿ ಅಂತ ಆ ಕಡ್ಡಿಗಳು.

ಜೂನ್ 8

ಒಂದು ತೊಡಕು. 2 ಇಂಚಿನ ನಾಲ್ಕು ಹಾಳೆಗಳ ಮೇಲೂ ಗುರುತಿನ ಚೀಟಿ ಇಲ್ಲ. ಯಾವುದು ಮಧ್ಯಮ, ಯಾವುದು ಮೆತ್ತನೆಯದು? ಕೈಯಿಂದ ಒತ್ತಿದರೆ ಎಲ್ಲವೂ ಒಂದೇ ಅನಿಸುತ್ತದೆ. ಮಾರಿದವರನ್ನು ಕೇಳಿದರೆ ಎರಡು ದಿನ ಕಾಯಿರಿ ಎಂದರು.

ಅಡಿಕೆ ತೂಗುವ ತಕ್ಕಡಿ ಮನೆಯಲ್ಲೇ ಇತ್ತು. ಎರಡು ಹಾಳೆ 6 ಕೆಜಿಯ ಆಸುಪಾಸು, ಇನ್ನೆರಡು ಏಳೂವರೆ ಕೆಜಿ. ಅಳತೆ ಒಂದೇ ಇರುವಾಗ ಭಾರ ಜಾಸ್ತಿ ಇದ್ದದ್ದು ಸಾಮಾನ್ಯವಾಗಿ ಗಟ್ಟಿ. ಆದರೂ ಖಾತ್ರಿಯಾಗಲಿ ಅಂತ 8 ಇಂಚು ಅಗಲದ ದುಂಡು ಸ್ಟೀಲ್ ಡಬ್ಬಕ್ಕೆ ಅಕ್ಕಿ ತುಂಬಿ, ಡಬ್ಬವೂ ಸೇರಿ 10 ಕೆಜಿ ಮಾಡಿ, ಒಂದೊಂದು ಹಾಳೆಯ ಮೇಲೂ ಇಟ್ಟು ಸ್ಕೇಲಿನಲ್ಲಿ ಅಳೆದೆ. ಹಗುರವಾದವು 14 ಮಿಲಿಮೀಟರ್ ಇಳಿದವು, ಭಾರದವು 9. ಕಾರ್ಖಾನೆಯಲ್ಲಿ ಗಟ್ಟಿತನ ಅಳೆಯುವುದೂ ಇದೇ ರೀತಿ. 50 ಚದರ ಇಂಚಿನ ಬಿಲ್ಲೆಯಿಂದ ಒತ್ತಿ, ಕಾಲು ಭಾಗ ಇಳಿಯಲು ಎಷ್ಟು ಭಾರ ಬೇಕು ಎಂದು ನೋಡುತ್ತಾರೆ. 8 ಇಂಚಿನ ಡಬ್ಬದ ತಳವೂ ಸರಿಸುಮಾರು 50 ಚದರ ಇಂಚೇ! ಎಲ್ಲದಕ್ಕೂ ಪೆನ್ನಿನಿಂದ ಮೂಲೆಯಲ್ಲಿ ಗುರುತು ಹಾಕಿದೆ.

ಇನ್ನೊಂದು ಮಾತು. ಹಾಳೆಯನ್ನು ಒಂದು ತುದಿ ಹಿಡಿದು ಎಳೆಯಬೇಡಿ, ಹರಿಯುತ್ತದೆ. ಸುರುಳಿ ಸುತ್ತಿ, ಇಬ್ಬರು ಸೇರಿ ಎತ್ತಿ.

ಜೂನ್ 18

ಹತ್ತು ರಾತ್ರಿ ಏನೂ ಬದಲಿಸಲಿಲ್ಲ. ನನ್ನ ತೋಳಿನ ಜೋಮು ಅರ್ಧ ಕಡಿಮೆಯಾಗಿದೆ. ಅವರಿಗೆ ಮಾತ್ರ ಬೆಳಿಗ್ಗೆ ಸೊಂಟ ಹಿಡಿದುಕೊಳ್ಳುತ್ತಿದೆ. ಅಂಗಾತ ಮಲಗಿದಾಗ ಸೊಂಟದ ಭಾಗ ತಗ್ಗಿ ಹೋಗುವುದು ಪಕ್ಕದಿಂದ ನೋಡಿದರೇ ಕಾಣುತ್ತದೆ. ಅವರ ಕಡೆ ಮೇಲಿನ ಎರಡು ಹಾಳೆ ಅದಲುಬದಲು ಮಾಡಿದೆವು. ಈಗ ಗಟ್ಟಿ, ಮೆತ್ತನೆಯದು, ಮೇಲೆ ಮಧ್ಯಮ. ನನ್ನ ಕಡೆ ಕೈ ಹಾಕಲಿಲ್ಲ.

ಜೂನ್ 27

ಅವರಿಗೆ ಸ್ವಲ್ಪ ವಾಸಿ, ಪೂರ್ತಿ ಅಲ್ಲ. ಮೆತ್ತನೆಯದನ್ನು ಕೆಳಗೆ ಇಟ್ಟರೂ ಭಾರ ಅಲ್ಲಿಯವರೆಗೆ ತಲುಪುತ್ತದೆ.

ನನ್ನ ಬೆನ್ನನ್ನೂ ಪರೀಕ್ಷೆ ಮಾಡಿದೆವು. ಬೆನ್ನುಮೂಳೆಯ ಉದ್ದಕ್ಕೆ ಬಿಂದಿ ಅಂಟಿಸಿಕೊಂಡು, ಮಗ್ಗುಲಾಗಿ ಮಲಗಿ, ಹಿಂದಿನಿಂದ ಇವರ ಹತ್ತಿರ ಫೋಟೋ ತೆಗೆಸಿದೆ. ಬಿಂದಿಗಳು ನೇರ ಸಾಲಿನಲ್ಲಿ ಇರಬೇಕು. ನನ್ನದು ಭುಜದ ಹತ್ತಿರ ಮೇಲಕ್ಕೆ ಬಾಗಿತ್ತು. ಭುಜ ಇಳಿಯಬೇಕಾದಷ್ಟು ಇಳಿಯುತ್ತಿಲ್ಲ ಅಂತ ಅರ್ಥ.

ಇವರೇ ಹೇಳಿದರು, "ನಿನ್ನ ಮಧ್ಯಮದ್ದು ನನಗೆ ಕೊಡು, ನನ್ನ ಮೆತ್ತನೆಯದು ನೀನು ತಗೋ." ಅವರ ಕಡೆ ಗಟ್ಟಿಯ ಮೇಲೆ ಎರಡು ಮಧ್ಯಮ. ನನ್ನ ಕಡೆ ಗಟ್ಟಿಯ ಮೇಲೆ ಎರಡು ಮೆತ್ತನೆಯದು. ಇದರಿಂದಲೇ ಎಲ್ಲ ಬದಲಾಯಿತು. ಮೂರನೇ ಬೆಳಿಗ್ಗೆಗೆ ಅವರ ಸೊಂಟ ಹಗುರ. ನನ್ನ ತೋಳಿನ ಜೋಮು ಹೋಯಿತು.

ಆದರೆ ನನಗೆ ಕುತ್ತಿಗೆ ನೋವು ಶುರು. ಭುಜ ಮೊದಲಿಗಿಂತ ಆಳಕ್ಕೆ ಇಳಿದ ಮೇಲೆ ಹಳೆಯ ದಿಂಬು ಎತ್ತರವಾಯಿತು. ಬೂರುಗದ ಹತ್ತಿಯ ದಿಂಬಿನಿಂದ ಎರಡು ಹಿಡಿ ಹತ್ತಿ ತೆಗೆದೆ, ಸರಿಹೋಯಿತು. ಪದರ ಬದಲಿಸಿದರೆ ದಿಂಬನ್ನೂ ನೋಡಿಕೊಳ್ಳಿ.

ಜುಲೈ 6

ನಡುವಿನ ಗೆರೆ. ಅವರ ಅಂಚು ನಿಂತಿರುತ್ತದೆ, ನನ್ನದು ಇಳಿಯುತ್ತದೆ. ಮಧ್ಯಕ್ಕೆ ಹೊರಳಿದರೆ ಮೆಟ್ಟಿಲಿನ ಹಾಗೆ ತಾಗುತ್ತದೆ. ಹಾಳೆಗಳ ಮೇಲೆ, ಕವರಿನೊಳಗೆ, ಇಡೀ ಅಗಲಕ್ಕೆ ಒಂದು ತೆಳು ಹತ್ತಿ ರಜಾಯಿ ಹಾಸಿದೆ. ತೆಳುವೇ ಬೇಕು. ದಪ್ಪದ್ದು ಹಾಕಿದರೆ ಲ್ಯಾಟೆಕ್ಸಿನ ಗುಣ ಮೈಗೆ ತಲುಪುವುದಿಲ್ಲ. ಈಗ ಗೆರೆ ಹೋಗಿಲ್ಲ, ಆದರೆ ಚುಚ್ಚುವುದಿಲ್ಲ.

ಜುಲೈ 20

ಪುತ್ತೂರಿನ ಮಳೆ. ಹಾಳೆ ಎತ್ತಿ ನೋಡಿದರೆ ಮಂಚದ ಪ್ಲೈವುಡ್ ತಣ್ಣಗೆ, ಕೈಗೆ ಪಸೆ. ಬೂಸ್ಟು ಇನ್ನೂ ಹಿಡಿದಿಲ್ಲ, ಸದ್ಯ. ಅತ್ತೆ ಪ್ರೀತಿಯಿಂದಲೇ ಹೇಳಿದರು, "ಬಿಸಿಲು ಬಿದ್ದ ದಿನ ಅಂಗಳಕ್ಕೆ ಹಾಕು ಮಗಾ, ಹತ್ತಿ ಹಾಸಿಗೆ ಹಾಕುತ್ತಿದ್ದ ಹಾಗೆ." ಲ್ಯಾಟೆಕ್ಸಿಗೆ ನೇರ ಬಿಸಿಲು ಆಗುವುದಿಲ್ಲ, ಒಣಗಿ ಪುಡಿಪುಡಿ ಉದುರುತ್ತದೆ ಎಂದು ಅವರಿಗೆ ವಿವರಿಸಿದೆ. ಅದಕ್ಕೆ ಫ್ಯಾನ್ ಗಾಳಿ ಸಾಕು.

ಪ್ಲೈವುಡ್ ತೆಗೆಸಿ ಮರದ ಪಟ್ಟಿ ಹಾಕಿಸುತ್ತಿದ್ದೇವೆ. ಪಟ್ಟಿಗಳ ನಡುವೆ 2 ಇಂಚು ಸಂದು. ಅದಕ್ಕಿಂತ ತುಂಬ ಜಾಸ್ತಿ ಬಿಟ್ಟರೆ ಹಾಳೆ ಸಂದಿಗೆ ಇಳಿಯಬಹುದು. ಆಚಾರಿ ನಾಳೆ ಬರುತ್ತಾರೆ. ಇವತ್ತು ರಾತ್ರಿಗೆ ಹಜಾರದಲ್ಲಿ ಚಾಪೆ ಹಾಸಿ, ಆರೂ ಹಾಳೆಯನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇವೆ. ಯಜಮಾನರು ಆಗಲೇ ಮಲಗಿಬಿಟ್ಟಿದ್ದಾರೆ.